ಅಪ್‌ಡೇಟ್: ವಯಸ್ಕರ ಎಡಿಎಚ್‌ಡಿ ಮತ್ತು ಕಚೇರಿಯ ಕೆಲಸ

ಕೈಗೆತ್ತಿಕೊಂಡ ವರದಿಗಳೆಲ್ಲ ಅರ್ಧಕ್ಕೇ ನಿಲ್ಲುತ್ತಿವೆ, ಎಡಿಎಚ್‌ಡಿ (ಗಮನ ನಿಲ್ಲಿಸಲು ಕಷ್ಟವಾಗುವ, ಚಡಪಡಿಕೆಯ ತೊಂದರೆ) ಇರುವವರು ಕಚೇರಿಯ ಕೆಲಸವನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೆಲವು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಹೆಚ್ಚು ಫಲ ಕೊಟ್ಟದ್ದು ಒಬ್ಬರು ಸೂಚಿಸಿದ್ದ, ಜೊತೆಗೆ ಕೂತು ಕೆಲಸ ಮಾಡುವ ಉಪಾಯ. ಬೆಳಿಗ್ಗೆ ಸಹೋದ್ಯೋಗಿಯೊಬ್ಬರೊಂದಿಗೆ ವಿಡಿಯೊ ಕರೆ ತೆರೆದಿಟ್ಟು, ಮೈಕ್ ಮ್ಯೂಟ್ ಮಾಡಿ, ಇಬ್ಬರೂ ನಮ್ಮ ನಮ್ಮ ಕೆಲಸ ಮಾಡುತ್ತೇವೆ. ಅವರು ನನ್ನತ್ತ ನೋಡುವುದೂ ಇಲ್ಲ, ಆದರೂ ನಡುವೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಟೈಮರ್ ಇಟ್ಟು 25 ನಿಮಿಷ ಕೆಲಸ ಮಾಡಿ ಸ್ವಲ್ಪ ಬಿಡುವು ಪಡೆಯುವ ಪೊಮೊಡೊರೊ ವಿಧಾನ ಮಾತ್ರ ನನಗೆ ಒಗ್ಗಲಿಲ್ಲ, ಗಮನ ಕೂಡುವ ಹೊತ್ತಿಗೇ ಗಂಟೆ ಬಾರಿಸುತ್ತಿತ್ತು. ಮೊಬೈಲ್ ರಿಮೈಂಡರ್‌ಗಳ ಬಗ್ಗೆ ಹೇಳದಿರುವುದೇ ವಾಸಿ.

ಹಲವರು ಒತ್ತಾಯಿಸಿದಂತೆ ಮನೋವೈದ್ಯರನ್ನೂ ಕಂಡೆ. ಲಕ್ಷಣಗಳು 12ನೇ ವಯಸ್ಸಿಗೆ ಮೊದಲೇ ಇದ್ದವೇ ಎಂಬುದು ನಿರ್ಣಯಕ್ಕೆ ಮುಖ್ಯವಾದ್ದರಿಂದ ಅವರು ಶಾಲೆಯ ಅಂಕಪಟ್ಟಿಗಳನ್ನು ತರಿಸಿಕೊಂಡು, ಅಮ್ಮನನ್ನೂ ಮಾತನಾಡಿಸಿದರು. ನಿದ್ರೆ, ಥೈರಾಯ್ಡ್ ಮತ್ತು ಆತಂಕದ ತೊಂದರೆಗಳೂ ಹೀಗೆಯೇ ಕಾಣಬಹುದೆಂದು ಅವನ್ನೂ ಪರಿಶೀಲಿಸಿದರು. ಈಗ ಆಟೊಮೊಕ್ಸೆಟಿನ್ ಎಂಬ ಎಡಿಎಚ್‌ಡಿ ಔಷಧಿಯನ್ನು ಆರಂಭಿಸಿದ್ದಾರೆ. ಅದು ಎಡಿಎಚ್‌ಡಿಗೆ ಕೊಡುವ ಇನ್ನೊಂದು ಔಷಧಿಯಾದ ಮೀಥೈಲ್‌ಫೆನಿಡೇಟ್‌ನಂತೆ ತೆಗೆದುಕೊಂಡ ದಿನವೇ ಕೆಲಸ ಮಾಡುವುದಿಲ್ಲ, ಪೂರ್ಣ ಪರಿಣಾಮಕ್ಕೆ ಹಲವು ವಾರಗಳೇ ಬೇಕು ಎಂಬುದು ನನಗೆ ಹೊಸ ವಿಷಯವಾಗಿತ್ತು. ಸದ್ಯಕ್ಕೆ ಬಾಯಿ ಒಣಗುವುದಷ್ಟೇ ಅನುಭವಕ್ಕೆ ಬರುತ್ತಿದೆ. ಪ್ರಮಾಣವನ್ನು ಹೆಚ್ಚಿಸಬೇಕೇ ಎಂಬುದು ಮುಂದಿನ ಭೇಟಿಯಲ್ಲಿ ನಿರ್ಧಾರವಾಗಲಿದೆ.