ಬಟಾಬಯಲಲ್ಲಿ ಪರ್ಮಾಕಲ್ಚರ್ ಲೇಔಟ್: ಟ್ರೆಂಚ್ ಒಡೆದುಹೋಯ್ತು, ಗಿಡ ನಿಲ್ತಿಲ್ಲ, ಎಲ್ಲಿ ತಪ್ಪಿದೆ?

ಬಯಲು_ಹೊಲ:
ಎಲ್ರಿಗೂ ನಮಸ್ಕಾರ. ಪರ್ಮಾಕಲ್ಚರ್ (ಪ್ರಕೃತಿಯ ರೀತಿ ನೋಡ್ಕೊಂಡು ಜಮೀನು ರೂಪಿಸೋ ಪದ್ಧತಿ) ಮಾಡೋಕೆ ಹೊರಟಿದ್ದೀನಿ. ಎರಡು ಎಕರೆ ಜಾಗ, ಒಂದೇ ಒಂದು ಮರ ಇಲ್ಲ, ಸ್ವಲ್ಪ ಇಳಿಜಾರು, ಗಾಳಿ ಅಂತೂ ಹಗಲಿಡೀ ಬೀಸ್ತಾನೇ ಇರುತ್ತೆ. ಪೇಪರ್ ಮೇಲೆ ಮನೆಗೆ ಹತ್ತಿರದಿಂದ ದೂರಕ್ಕೆ ಝೋನ್ 1, 2, 3 ಅಂತ ಸುತ್ತು ಸುತ್ತಾಗಿ ಬರೆದು, ಮನೆ ಜಾಗನ ದಿಬ್ಬದ ತುದಿಗೆ ಇಟ್ಕೊಂಡಿದ್ದೀನಿ, ಅಲ್ಲಿಂದ ಎಲ್ಲಾ ಕಾಣುತ್ತೆ ಅಂತ (ಪಾಯ ಇನ್ನೂ ತೆಗೆದಿಲ್ಲ). ಮೊದಲು ಬೇಲಿ ಹಾಕಿಸಿ, ಬೇಲಿಗೆ ಸಮನಾಗಿ 60 ಮೀಟರ್ ಉದ್ದ ಸ್ವೇಲ್ (ಮಳೆ ನೀರು ತಡೆದು ಇಂಗಿಸೋ ಟ್ರೆಂಚ್, ಕೆಳಬದಿಗೆ ಬದು) ತೆಗೆಸಿ, ಅದರ ಕೆಳಗೆ 120 ಹಣ್ಣಿನ ಗಿಡ ನೆಟ್ಟೆ. ಮೊದಲನೇ ಜೋರು ಮಳೆಗೇ ಟ್ರೆಂಚಿನ ಒಂದು ತುದಿ ಒಡೆದು ಕೆಳಗೆ ಮೊಣಕಾಲುದ್ದ ಕೊರಕಲು ಬಿದ್ದಿದೆ, ಇನ್ನೊಂದು ತುದಿಲಿ ನೋಡಿದ್ರೆ ತಳ ಕೂಡ ಸರಿಯಾಗಿ ನೆನೆದಿಲ್ಲ! 70ಕ್ಕಿಂತ ಜಾಸ್ತಿ ಗಿಡ ಹೋಗಿವೆ. ಉಳಿದಿರೋದರ ಎಲೆ ಅಂಚು ಸುಟ್ಟ ಹಾಗೆ ಕಂದಾಗಿದೆ, ಬುಡದಲ್ಲಿ ಕಾಂಡ ಅಲ್ಲಾಡಿ ಅಲ್ಲಾಡಿ ಸುತ್ತ ಮಣ್ಣು ಬಿಟ್ಕೊಂಡು ಬೆರಳು ತೂರೋಷ್ಟು ಸಂದಿ ಆಗಿದೆ. ನೀರು ದಿನಾ ಕೊಡ್ತಿದ್ದೆ. ಲೇಔಟ್ ಪೂರ್ತಿ ಬದಲಾಯಿಸ್ಬೇಕಾ?

ಬದು_ಕಟ್ಟು:
ಗಿಡ ಹೋಗಿದ್ದು ಓದಿ ಬೇಜಾರಾಯ್ತು. ಆದ್ರೆ ಪಾಯ ತೆಗೆಯೋ ಮುಂಚೆ ಕೇಳಿದ್ದು ಬಹಳ ಒಳ್ಳೇದಾಯ್ತು, ಮಿಕ್ಕಿದ್ದೆಲ್ಲ ಸರಿ ಮಾಡ್ಕೋಬಹುದು.

ಟ್ರೆಂಚ್ ವಿಷಯ ಮೊದಲು. ಬೇಲಿ ನೇರ ಇರುತ್ತೆ, ನೆಲ ನೇರ ಇರಲ್ಲ. ಸ್ವೇಲ್ ಅನ್ನೋದು ಸಮಪಾತಳಿ ಗೆರೆ ಮೇಲೇ ಹೋಗ್ಬೇಕು, ಹಾವಿನ ಹಾಗೆ ಬಳುಕಿದ್ರೂ ಪರವಾಗಿಲ್ಲ, ತಳ ಮಾತ್ರ ಈ ತುದಿಯಿಂದ ಆ ತುದಿವರೆಗೂ ಒಂದೇ ಮಟ್ಟ. ಕಣ್ಣಳತೆ ನಂಬಲೇಬೇಡಿ. ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ಕೋಲಿಗೆ ಕಟ್ಟಿ ಟ್ಯೂಬ್ ಲೆವೆಲ್ ಮಾಡ್ಕೊಳ್ಳಿ, ಪೈಪಲ್ಲಿ ಒಂದು ಸಣ್ಣ ಗಾಳಿ ಗುಳ್ಳೆ ಇದ್ರೂ ಲೆಕ್ಕ ತಪ್ಪುತ್ತೆ, ಅದಕ್ಕೆ ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆ ಹೊರಗೆ ಬಿಟ್ಟು ಆಮೇಲೆ ಅಳೀರಿ. ಈಗಿರೋ ಟ್ರೆಂಚಿನ ಎರಡೂ ತುದಿ ಅಳೆದು ಇಲ್ಲಿ ಹಾಕಿ. ಇನ್ನೊಂದು, ಕೋಡಿ (ಹೆಚ್ಚಾದ ನೀರು ಹೊರಗೆ ಹೋಗೋ ದಾರಿ) ಬಿಟ್ಟಿದ್ದೀರಾ? ಕೋಡಿ ಇಲ್ಲದ ಟ್ರೆಂಚ್ ಒಡೆಯೋದು ಗ್ಯಾರಂಟಿ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ರೆ 1 ಲೀಟರ್, ಅಂದ್ರೆ ಒಂದು ಎಕರೆ ಮೇಲೆ 50 ಮಿ.ಮೀ. ಬಿದ್ರೆ ಹತ್ತತ್ರ 2 ಲಕ್ಷ ಲೀಟರ್. ಬೋಳು ನೆಲದಲ್ಲಿ ಅದರಲ್ಲಿ ಬಹಳಷ್ಟು ಹರಿದೇ ಬರೋದು, ಅದು ತಾನಾಗಿ ದಾರಿ ಹುಡುಕೋ ಮುಂಚೆ ನಾವೇ ದಾರಿ ಕೊಡ್ಬೇಕು. ಬದುವಿನ ನೆತ್ತಿಗಿಂತ 15 ಸೆಂ.ಮೀ. ತಗ್ಗಲ್ಲಿ, ಅಗಲವಾಗಿ, ಹೊಸ ಮಣ್ಣಲ್ಲಲ್ಲ ಗಟ್ಟಿ ನೆಲದಲ್ಲಿ ಕೋಡಿ ಮಾಡಿ ಕಲ್ಲು ಹಾಸಿ.

ಇನ್ನು ಲೇಔಟ್. ಆಸ್ಟ್ರೇಲಿಯಾದ ಕೃಷಿಕ ಪಿ.ಎ. ಯೋಮನ್ಸ್ 1950ರ ದಶಕದಲ್ಲೇ ಜಮೀನು ರೂಪಿಸೋಕೆ ಒಂದು ಕ್ರಮ ಹಾಕಿಕೊಟ್ಟಿದ್ದಾರೆ: ಹವಾಮಾನ, ನೆಲದ ಆಕಾರ, ನೀರು, ದಾರಿ, ಮರ, ಕಟ್ಟಡ, ಬೇಲಿ, ಕೊನೆಗೆ ಮಣ್ಣು. ಬದಲಾಯಿಸೋಕೆ ಕಷ್ಟ ಆಗಿರೋದು ಮೊದಲು, ಸುಲಭ ಆಗಿರೋದು ಆಮೇಲೆ. ನೀವು ಬೇಲಿ ಮತ್ತು ಮನೆಯಿಂದ ಶುರು ಮಾಡಿದ್ದೀರಿ, ಅದಕ್ಕೇ ನೀರು ಬೇಲಿ ಹೇಳಿದ ಹಾಗೆ ಹೋಗ್ಬೇಕಾಯ್ತು. ದಿಬ್ಬದ ತುದಿಲಿ ಗಾಳಿ ಅತಿ ಹೆಚ್ಚು, ಪ್ರತಿ ಹನಿ ನೀರನ್ನೂ ಮೇಲಕ್ಕೆ ಪಂಪ್ ಮಾಡ್ಬೇಕು. ಮನೆನ ಇಳಿಜಾರಿನ ನಡುವಿಗೆ ತನ್ನಿ, ಟ್ಯಾಂಕ್ ಮಾತ್ರ ಮೇಲಿಡಿ. ಟ್ಯಾಂಕಿಗೆ ಮನೆಗಿಂತ 10 ಮೀಟರ್ ಎತ್ತರ ಸಿಕ್ರೆ ಸುಮಾರು 1 ಬಾರ್ ಒತ್ತಡ ಪಂಪೇ ಇಲ್ಲದೆ ಬರುತ್ತೆ, 3 ಮೀಟರ್ ಸಿಕ್ರೂ ಬಕೆಟ್ ತುಂಬೋಕೆ ಸಾಕು.

ಬಯಲು_ಹೊಲ:
ಅಳೆದೆ ಸರ್. ಒಡೆದಿರೋ ತುದಿ 38 ಸೆಂ.ಮೀ. ಕೆಳಗಿದೆ!! ನಿಂತು ನೋಡಿದ್ರೆ ಗೊತ್ತೇ ಆಗಲ್ಲ. ಕೋಡಿನೂ ಇಲ್ಲ. ಹಾಗಾದ್ರೆ ಇದನ್ನ ಮುಚ್ಚಿ ಮಟ್ಟ ನೋಡ್ಕೊಂಡು ಮೇಲೆ ಕೆಳಗೆ ಇನ್ನೂ ಮೂರು ಸ್ವೇಲ್ ತೆಗೆಸ್ಲಾ? ಮಷಿನ್ ಈ ವಾರ ಸಿಗುತ್ತೆ.

ಹಸಿರುಹೊದಿಕೆ:
ದಯವಿಟ್ಟು ಮಷಿನ್ ಈಗಲೇ ಕರೀಬೇಡಿ. ಸ್ವೇಲ್ ಎಲ್ಲಾ ಜಾಗಕ್ಕೂ ಮದ್ದಲ್ಲ, ಜೇಡಿಮಣ್ಣಾದ್ರೆ ನೀರು ಇಂಗದೆ ನಿಂತು ಬೇರು ಕೊಳೆಯುತ್ತೆ, ಕಡಿದಾದ ಇಳಿಜಾರಾದ್ರೆ ಬದು ಸಮೇತ ಜಾರುತ್ತೆ. ಮೊದಲು 30 ಸೆಂ.ಮೀ. ಆಳದ ಗುಂಡಿ ತೆಗೆದು, ಒಂದು ಸಲ ನೀರು ತುಂಬಿ ಪೂರ್ತಿ ಇಂಗೋಕೆ ಬಿಟ್ಟು, ಎರಡನೇ ಸಲ ತುಂಬಿದಾಗ ಗಂಟೆಗೆ ಎಷ್ಟು ಇಳಿಯುತ್ತೆ ಅಳೀರಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ.

ಗಿಡಗಳದ್ದು ನೀರಿನ ಸಮಸ್ಯೆ ಅಲ್ಲ ಅನ್ಸುತ್ತೆ ನಂಗೆ, ಗಾಳಿದು. ಬುಡದಲ್ಲಿ ಆ ಸಂದಿ ಇದೆಯಲ್ಲ, ಕಾಂಡ ಅಲ್ಲಾಡಿದಾಗೆಲ್ಲ ಹೊಸ ಎಳೆ ಬೇರು ಕಿತ್ತುಹೋಗ್ತಿದೆ ಅಂತ ಅರ್ಥ, ಎಷ್ಟು ನೀರು ಕೊಟ್ರೂ ಕುಡಿಯೋಕೆ ಬೇರೇ ಇಲ್ಲ. ಬಟಾಬಯಲಲ್ಲಿ ಮೊದಲ ವರ್ಷದ ಗಿಡ ಅಂದ್ರೆ ಗಾಳಿತಡೆ ಗಿಡನೇ, ಹಣ್ಣು ಆಮೇಲೆ. ಗಾಳಿ ಬರೋ ದಿಕ್ಕಿಗೆ ಅಡ್ಡಲಾಗಿ ಮೂರು ಸಾಲು: ಹೊರಗೆ ಪೊದೆ, ನಡುವೆ ಎತ್ತರದ್ದು, ಒಳಗೆ ಮಧ್ಯಮ. ಗೋಡೆ ಥರ ಮುಚ್ಚಬೇಡಿ, ಅರ್ಧದಷ್ಟು ಗಾಳಿ ತೂರಿ ಹೋಗ್ಬೇಕು, ಇಲ್ಲಾಂದ್ರೆ ಗಾಳಿ ಮೇಲೆ ಹತ್ತಿ ಆ ಕಡೆ ಸುಳಿಯಾಗಿ ಬೀಳುತ್ತೆ. ಎತ್ತರದ ಹತ್ತು ಪಟ್ಟು ದೂರದವರೆಗೆ ಒಳ್ಳೆ ಆಸರೆ ಸಿಗುತ್ತೆ, 5 ಮೀಟರ್ ಮರಕ್ಕೆ 50 ಮೀಟರ್. ಗೇಟಿಗೆ ನೇರ ಸಂದಿ ಬಿಡಬೇಡಿ, ಓರೆಯಾಗಿ ಬಿಡಿ, ಇಲ್ಲಾಂದ್ರೆ ಆ ಸಂದಿಲಿ ಗಾಳಿ ಇನ್ನೂ ಜೋರಾಗಿ ನುಗ್ಗುತ್ತೆ. ಬೇಗ ಬೆಳೆಯೋ ಗ್ಲಿರಿಸಿಡಿಯಾ, ಅಗಸೆ ಮರ, ತೊಗರಿ ಇಂಥವು ನಿಮ್ಮ ಹವಾಗುಣಕ್ಕೆ ಒಗ್ಗಿದ್ರೆ ಸೇರಿಸ್ಕೊಳ್ಳಿ, ಸಾರಜನಕನೂ ಕೊಡುತ್ತೆ, ಸವರಿದ್ರೆ ಹೊದಿಕೆಗೆ ಸೊಪ್ಪೂ ಆಯ್ತು.

ಬಯಲು_ಹೊಲ:
ಟೆಸ್ಟ್ ಮಾಡ್ದೆ. ಮೇಲೆ ಗಂಟೆಗೆ 6 ಸೆಂ.ಮೀ., ನಡುವೆ 4, ಕೆಳಗೆ ಬರೀ ಅರ್ಧ ಸೆಂ.ಮೀ. ಇಳೀತು. ಕೆಳಗಿನ ಮಣ್ಣು ಕೈಲಿ ಹೊಸೆದ್ರೆ ಬತ್ತಿ ಥರ ಉದ್ದಕ್ಕೆ ಬರುತ್ತೆ, ತುಂಡಾಗಲ್ಲ. ಉಳಿದ ಗಿಡ ಮತ್ತೆ ಕೊರಕಲಿಗೆ ಈಗ ಏನು ಮಾಡ್ಲಿ?

ಬದು_ಕಟ್ಟು:
ಹಸಿರುಹೊದಿಕೆ ಹೇಳಿದ್ದು ಸರಿ, ನಾನೂ ಮೊದಲೇ ಈ ಟೆಸ್ಟ್ ಕೇಳ್ಬೇಕಿತ್ತು. ಈಗ ನಿಮ್ಮ ಜಾಗನೇ ಲೇಔಟ್ ಹೇಳ್ತಿದೆ ನೋಡಿ. ಸ್ವೇಲ್ ಒಂದೇ ಸಾಕು, ಮೇಲಿನ ಭಾಗದಲ್ಲಿ. ಕೆಳಗಿನ ಜೇಡಿಮಣ್ಣಲ್ಲಿ ಸ್ವೇಲ್ ಬೇಡ, ಅಲ್ಲಿ ಹೊಂಡ ತೆಗೆದ್ರೆ ನೀರು ಚೆನ್ನಾಗಿ ನಿಲ್ಲುತ್ತೆ, ಸ್ವೇಲ್ ಕೋಡಿ ನೀರನ್ನ 100 ಮೀಟರಿಗೆ ಅರ್ಧ ಮೀಟರ್ ಇಳಿಯೋ ಹಾಗೆ ಹುಲ್ಲು ಬೆಳೆಸಿದ ಕಾಲುವೇಲಿ ಅಲ್ಲಿಗೆ ತನ್ನಿ. ಮನೆ ನಡುವೆ, ಅದಕ್ಕೆ ಅಂಟಿಕೊಂಡೇ 10 ಮೀಟರ್ ಚೌಕದ ಕೈತೋಟ, ಅದೇ ಝೋನ್ 1. ಝೋನ್ ಅಂದ್ರೆ ಸುತ್ತು ಗೆರೆ ಅಲ್ಲ, ದಿನಕ್ಕೆ ಎಷ್ಟು ಸಲ ಅಲ್ಲಿಗೆ ಕಾಲು ಹೋಗುತ್ತೆ ಅನ್ನೋ ಲೆಕ್ಕ, ದಿನಾ ನಡೆಯೋ ದಾರಿ ಪಕ್ಕ ಇದ್ರೆ ದೂರ ಇದ್ರೂ ಅದು ಝೋನ್ 1 ಥರಾನೇ.

ಕೊರಕಲಿಗೆ ಮೊದಲು ಮೇಲಿಂದ ಬರೋ ನೀರು ನಿಲ್ಸಿ, ಆಮೇಲೆ ಅಡ್ಡಡ್ಡ ಗಿಡ್ಡ ಕಲ್ಲುಕಟ್ಟೆ ಹಾಕಿ, ನಡುಭಾಗ ತಗ್ಗಾಗಿ, ತುದಿ ಕಲ್ಲುಗಳು ದಡದ ಒಳಗೆ ಹೂತಿರೋ ಹಾಗೆ. ನಡು ಎತ್ತರ ಆದ್ರೆ ನೀರು ಪಕ್ಕದಿಂದ ಕೊರೆದುಕೊಂಡು ಹೋಗುತ್ತೆ.

ಹಸಿರುಹೊದಿಕೆ:
ಉಳಿದ ಗಿಡಗಳ ಬುಡದ ಸಂದಿಗೆ ಮಣ್ಣು ತುಂಬಿ ಕಾಲಲ್ಲಿ ಮೆಲ್ಲಗೆ ತುಳೀರಿ, ಗೂಟನ ಗಾಳಿ ಬರೋ ಕಡೆ ನೆಟ್ಟು ಗಿಡದ ಎತ್ತರದ ಮೂರನೇ ಒಂದು ಭಾಗದಷ್ಟು ಮೇಲೆ ಸಡಿಲವಾಗಿ ಬಟ್ಟೆಯಿಂದ ಕಟ್ಟಿ, ತಲೆ ಸ್ವಲ್ಪ ಆಡ್ತಿರಲಿ, ಆಗ್ಲೇ ಕಾಂಡ ದಪ್ಪ ಆಗೋದು. ಗಾಳಿತಡೆ ಬೆಳೆಯೋವರೆಗೆ ಅದೇ ಕಡೆ 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ. ಒಣಹುಲ್ಲು ಒಂದು ಗೇಣು ದಪ್ಪ ಹಾಕಿ, ಕಾಂಡಕ್ಕೆ ಮಾತ್ರ ತಾಗಿಸ್ಬೇಡಿ. ಎರಡು ವಾರ ಬಿಟ್ಟು ಹೊಸ ಚಿಗುರು ಬಂತಾ ನೋಡಿ ಫೋಟೋ ಹಾಕಿ.