ಪದಚರ್ಚೆ: ಬೆಟ್ಟದ ‘ಅಕ್ಸೆಸಿಬಲ್ ಟ್ರೇಲ್’ಗೆ ‘ಸುಗಮ ದಾರಿ’ ಅಂದ್ರೆ ಸಾಕಾ? ನಮ್ಮವ್ವ ಕೇಳೋದು ‘ಗಾಡಿ ಓಯ್ತದಾ’ ಅಂತ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಬೇರೆಯವರ ಚರ್ಚೆ ಓದ್ಕೊಂಡು ಸುಮ್ನಿದ್ದೆ, ಈಗ ನಂದೇ ಒಂದು ಗಂಟು ಬಿದ್ದಿದೆ, ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಲ್ಲಿ ಓದಿ.

ನಾನಿರೋದು ಮೈಸೂರಲ್ಲಿ, ಊರು ಪಾಂಡವಪುರದ ಕಡೆ. ತಮ್ಮ ಅಮೆರಿಕದ ಡೆನ್ವರಲ್ಲಿದಾನೆ, ಜೂನ್ ತಿಂಗಳಲ್ಲಿ ಅವ್ವನ್ನ ಕರ್ಕೊಂಡು ನಾವೆಲ್ಲಾ ಅಲ್ಲಿಗೆ ಹೋಗ್ತಾ ಇದೀವಿ. ಅವನ ಮನೆಯಿಂದ ಎರಡು ಗಂಟೆ ಡ್ರೈವ್ ಮಾಡಿದ್ರೆ ರಾಕಿ ಮೌಂಟನ್ ನ್ಯಾಶನಲ್ ಪಾರ್ಕು. ಅವ್ವಂಗೆ ಎಪ್ಪತ್ನಾಲ್ಕು, ಮಂಡಿ ಎರಡೂ ಸವೆದಿವೆ, ಮನೆ ಒಳಗೆ ಗೋಡೆ ಹಿಡ್ಕೊಂಡು ಓಡಾಡ್ತಾಳೆ, ಹೊರಗಡೆ ಅಂದ್ರೆ ವೀಲ್‌ಚೇರು, ಅವಳ ಬಾಯಲ್ಲಿ ಅದೇ ‘ಗಾಡಿ’. ಆದ್ರೆ ಪೇಪರ್ ಮಾತ್ರ ಮೊದಲ ಪುಟದಿಂದ ಟೆಂಡರ್ ಜಾಹೀರಾತು ತನಕ ಬಿಡದೆ ಓದ್ತಾಳೆ. ಅದಕ್ಕೆ ತಮ್ಮ ಆ ಪಾರ್ಕಿನ ದಾರಿಗಳ ಪಟ್ಟಿ ಕಳಿಸಿ, ‘ಅಣ್ಣ, ಇದನ್ನ ಕನ್ನಡದಲ್ಲಿ ಒಂದು ಹಾಳೆ ಮಾಡು, ಎಲ್ಲಿಗೆ ಹೋಗ್ಬೇಕು ಅಂತ ಅವ್ವನೇ ಆರಿಸ್ಕೊಳ್ಲಿ’ ಅಂದ. ಅರ್ಧ ಗಂಟೆ ಕೆಲಸ ಅಂದ್ಕೊಂಡೆ, ಮೂರು ಸಂಜೆ ಹೋಯ್ತು, ಇನ್ನೂ ಮುಗಿದಿಲ್ಲ.

ಶುರುವಿನಲ್ಲೇ ಒಂದು ಎಡವಟ್ಟು. ತಲೆಬರಹಕ್ಕೆ ‘ರಾಷ್ಟ್ರೀಯ ಉದ್ಯಾನ’ ಅಂತ ಹಾಕಿದ್ದೆ, ಬಂಡೀಪುರ, ನಾಗರಹೊಳೆ, ಕುದುರೆಮುಖ ಎಲ್ಲಕ್ಕೂ ನಾವು ಹಾಗೇ ತಾನೇ ಬರೆಯೋದು. ಅವ್ವ ಅದನ್ನೋದಿ ‘ಉದ್ಯಾನ ನೋಡಕ್ಕೆ ಅಲ್ಗಂಟ ಯಾಕ್ಲಾ, ಕನ್ನಂಬಾಡಿಲಿ ಇಲ್ವಾ’ ಅಂದ್ಲು. ನಮ್ ಕಡೆಯವರಿಗೆ ಉದ್ಯಾನ ಅಂದ್ರೆ ಬೃಂದಾವನ, ದೀಪದ ಕಾರಂಜಿ, ಕತ್ತರಿಸಿದ ಗಿಡ. ಕಾಡು ಅನ್ನೋ ಅರ್ಥ ಆ ಪದದೊಳಗೆ ಎಲ್ಲೂ ಇಲ್ಲ. ಇದು ಹಳೇ ಜಗಳ, ನಾನು ‘ಕಾಡುಬೆಟ್ಟದ ಪಾರ್ಕು’ ಅಂತ ಬರೆದು ಮುಂದೆ ಹೋದೆ.

ಆಮೇಲೆ ಟ್ರೇಲ್. ಪೇಪರಿನವರು ‘ಚಾರಣ ಪಥ’ ಅಂತಾರೆ, ನಮ್ಮ ಅರಣ್ಯ ಇಲಾಖೆಯ ಬುಕಿಂಗ್ ಸೈಟಿನ ಹೆಸರಂತೂ ‘ಅರಣ್ಯ ವಿಹಾರ’. ಚಾರಣ ಈಗ ಚೆನ್ನಾಗಿ ಬೇರುಬಿಟ್ಟಿದೆ, ತಕರಾರಿಲ್ಲ, ಒಂದು ತಮಾಷೆ ಮಾತ್ರ ಹೇಳ್ಬಿಡ್ತೀನಿ. ಜೈನರ ಹಳೇ ಕಾವ್ಯಗಳಲ್ಲಿ ಬರೋ ಚಾರಣ ಮುನಿಗಳು ಆಕಾಶದಲ್ಲಿ ಓಡಾಡೋ ಶಕ್ತಿ ಇದ್ದವರು, ನೆಲಕ್ಕೆ ಕಾಲು ತಾಕಿಸೋ ಅಗತ್ಯಾನೇ ಅವರಿಗಿರ್ಲಿಲ್ಲ. ಈಗ ಅದೇ ಪದ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು, ಇಂಬಳ ಕಿತ್ಕೊಂಡು, ಏದುಸಿರು ಬಿಡ್ತಾ ಹತ್ತೋರಿಗೆ ಬಂದಿದೆ. ಇನ್ನು ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಅನ್ನೋ ಚಂದದ ಪದ ಇತ್ತು, ಈಗ ‘ಬೆಟ್ಟದ ಬಟ್ಟೆ’ ಅಂತ ಬರೆದ್ರೆ ಸ್ವೆಟರ್ ಮಫ್ಲರ್ ಅಂದ್ಕೋತಾರೆ.

ನನಗೆ ಸಲೀಸಾಗಿ ಬಾಯಿಗೆ ಬರೋದು ಕಾಲುದಾರಿ. ಆದ್ರೆ ಕಾಲುದಾರಿ ಯಾರೂ ಮಾಡಿದ್ದಲ್ಲ, ಗದ್ದೆ ಬದುವಿನ ಮೇಲೆ, ಕುಂತಿಬೆಟ್ಟದ ಬಂಡೆ ಸಂದೀಲಿ ಜನ, ದನ, ಆಡು ನಡೆದು ನಡೆದು ಹುಲ್ಲು ಸತ್ತು ತಾನಾಗೇ ಮೂಡಿದ್ದು. ಅಲ್ಲಿನ ಟ್ರೇಲ್ ಹಾಗಲ್ಲ, ಅಳತೆ ಹಿಡಿದು ಕಟ್ಟಿದ್ದು, ಎಷ್ಟು ಮೈಲಿ ಎಷ್ಟಡಿ ಏರು ಅಂತ ಲೆಕ್ಕ ಇರೋದು. ನಮ್ಮಲ್ಲೂ ಕಟ್ಟಿದ ದಾರಿ ಇಲ್ಲ ಅಂತಲ್ಲ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ದೊಡ್ಡ ದೇವರಾಜ ಒಡೆಯರ ಕಾಲದ್ದು ಅಂದ್ರೆ 17ನೇ ಶತಮಾನದ್ದು, ಆದ್ರೆ ಅದನ್ನ ನಾವು ದಾರಿ ಅನ್ನೋದೇ ಇಲ್ಲ, ‘ಮೆಟ್ಲಲ್ಲಿ ಹೋದ್ವಿ’ ಇಲ್ಲಾ ‘ರೋಡಲ್ಲಿ ಹೋದ್ವಿ’ ಅಂತೀವಿ. ನಮ್ಮ ಬೆಟ್ಟಗಳಿಗೆ ಇರೋದೇ ಇವೆರಡು, ಒಂದು ಮೆಟ್ಟಿಲು, ಒಂದು ಟಾರು ರೋಡು. ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೋಡಿ, ಬಂಡೀಪುರ ಕಾಡಿನೊಳಗೆ 1,454 ಮೀಟರ್ ಎತ್ತರದ ತನಕ ಸರ್ಕಾರಿ ಬಸ್ಸೇ ಹತ್ತಿಸಿ ಬಿಡತ್ತೆ, ಅಲ್ಲಿಂದ ಸ್ವಾಮಿ ಹತ್ರಕ್ಕೆ ಮತ್ತೆ ಮೆಟ್ಟಿಲು. ಮೆಟ್ಟಿಲೂ ಅಲ್ಲದ ರೋಡೂ ಅಲ್ಲದ ಮೂರನೇ ಥರದ್ದು ನಮಗೆ ರೂಢಿ ಇಲ್ಲ, ಅದಕ್ಕೇ ಪದವೂ ಇಲ್ವೇನೋ ಅನ್ನೋದು ನನ್ನ ಗುಮಾನಿ.

ಈಗ ನಿಜವಾದ ಗಂಟು, ಅಕ್ಸೆಸಿಬಲ್, ಅಂದ್ರೆ ವೀಲ್‌ಚೇರಲ್ಲೂ ಹೋಗಕ್ಕಾಗೋ ಅಂಥದ್ದು.

ಮೊದಲು ‘ಸುಗಮ’ ಅಂತ ಬರೆದೆ. ಕೇಂದ್ರ ಸರ್ಕಾರದ್ದು 2015ರ ಡಿಸೆಂಬರ್‌ನಲ್ಲಿ ಶುರುವಾದ ಸುಗಮ್ಯ ಭಾರತ ಅಭಿಯಾನ ಇದೆಯಲ್ಲ, ಅದೇ ಜಾಡು ಹಿಡಿದೆ. ಸುಗಮ್ಯ ಅಂದ್ರೆ ಕನ್ನಡದ ಕಿವಿಗೆ ಒಳ್ಳೇ ಗಮ್ಯ, ಅಂದ್ರೆ ಒಳ್ಳೇ ಗುರಿ ಅಂತ ಕೇಳತ್ತೆ. ಸುಗಮ ಅಂದ್ರೋ, ಒಂದು ಸುಗಮ ಸಂಗೀತ, ಇನ್ನೊಂದು ಟ್ರಾಫಿಕ್ ಪೊಲೀಸರ ಸುಗಮ ಸಂಚಾರ. ಅದೂ ಹೋಗ್ಲಿ ಅಂದ್ರೆ, ಆ ಪಟ್ಟೀಲಿ ‘ಈಸಿ’ ಅನ್ನೋದು ಬೇರೆ, ‘ಅಕ್ಸೆಸಿಬಲ್’ ಅನ್ನೋದು ಬೇರೆ! ಆಲ್ಬರ್ಟಾ ಫಾಲ್ಸ್ ಅಂತ ಒಂದು ಜಲಪಾತ, ಹೋಗಕ್ಕೆ ಮುಕ್ಕಾಲು ಮೈಲಿ ಚಿಲ್ಲರೆ, ಏರು ಬರೀ ಇನ್ನೂರಡಿ ಆಸುಪಾಸು, ನನ್ನಂಥವನಿಗೆ ಈಸಿ. ಆದ್ರೆ ಕಲ್ಲು, ಮರದ ಬೇರು, ಗಾಡಿ ಹತ್ತು ಮಾರು ಹೋಗಲ್ಲ. ಸ್ಪ್ರೇಗ್ ಲೇಕ್ ಅಂತ ಇನ್ನೊಂದು, ಕೆರೆ ಸುತ್ತ ಒಂದು ಮೈಲಿಗೆ ಸ್ವಲ್ಪ ಕಮ್ಮಿ, ಗಟ್ಟಿಯಾಗಿ ಕೂರಿಸಿದ ಜಲ್ಲಿಪುಡಿ ನೆಲ, ಜೌಗು ಇರೋ ಕಡೆ ಹಲಗೆ ಹಾಸಿದಾರೆ, ಇದು ಅಕ್ಸೆಸಿಬಲ್. ಸುಗಮ ಅಂತ ಬರೆದ್ರೆ ಎರಡೂ ಸುಗಮವೇ ಆಗ್ಬಿಡತ್ತೆ, ಅವ್ವ ಜಲಪಾತಾನೇ ಆರಿಸ್ತಾಳೆ, ಆಮೇಲೆ ಎತ್ಕೊಂಡು ಹೋಗೋನು ನಾನು.

‘ಪ್ರವೇಶಸಾಧ್ಯ’ ಅಂದ್ರೆ ಗೇಟು, ಟಿಕೆಟ್ಟು, ಒಳಗೆ ಬಿಡ್ತಾರಾ ಇಲ್ವಾ ಅನ್ನೋ ಕಡೆ ಮನಸ್ಸು ಹೋಗತ್ತೆ. ‘ಎಟುಕುವ’ ಒಳ್ಳೇ ಪದ, ಆದ್ರೆ ಸೈಟು ಮಾರೋರು ‘ಕೈಗೆಟುಕುವ ಬೆಲೆ’ ಅಂತ ಅದನ್ನ ಹಿಡ್ಕೊಂಡುಬಿಟ್ಟಿದಾರೆ. ‘ವಿಕಲಚೇತನರ ದಾರಿ’ ಅಂತ ನಮ್ಮ ಬೋರ್ಡುಗಳಲ್ಲಿ ಬರೆಯೋದಿದೆ, ಅದು ನಂಗೆ ಸುತರಾಂ ಒಪ್ಪಿಗೆ ಇಲ್ಲ. ಚೇತನವೇ ವಿಕಲ ಅಂತಾರಲ್ಲ ಅನ್ನೋ ಹಳೇ ಆಕ್ಷೇಪ ಒಂದು ಕಡೆ ಇರ್ಲಿ, ಹೇಳ್ಬೇಕಾಗಿರೋದು ದಾರಿ ಹೇಗಿದೆ ಅಂತ, ಬೋರ್ಡು ಹೇಳೋದು ಬರೋರು ಹೇಗಿದಾರೆ ಅಂತ. ಮಗು ತಳ್ಳೋ ಗಾಡಿಯವರು, ಊರುಗೋಲಿನವರು, ಆಪರೇಷನ್ ಆಗಿ ಎರಡು ತಿಂಗಳು ಮೆಟ್ಟಿಲು ಬೇಡ ಅನ್ನಿಸ್ಕೊಂಡವರು, ಇವರೆಲ್ಲ ಆ ಬೋರ್ಡು ನೋಡಿ ನಮಗಲ್ಲ ಅಂತ ಆಕಡೆ ಮೆಟ್ಟಿಲಿಗೇ ಹೋಗ್ತಾರೆ.

ಹೋದ ವರ್ಷ ಇಲ್ಲೇ ನಮ್ ಕಡೆ ಒಂದು ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ವಿ, ಯಾವುದು ಅಂತ ಬೇಡ. ದೊಡ್ಡ ಬೋರ್ಡು, ‘ಸುಗಮ ಪ್ರವೇಶ’. ಸಿಮೆಂಟಿನ ಏರು ಚೆನ್ನಾಗೇ ಇತ್ತು, ಎರಡೂ ಪಕ್ಕ ಸ್ಟೀಲ್ ಕಂಬಿ, ನಾನೂ ಖುಷಿಯಾಗಿ ತಳ್ಕೊಂಡು ಹೋದೆ, ಏರು ಮುಗಿದು ಕಲ್ಲಿನ ಚಪ್ಪಡಿ ಶುರುವಾಗೋ ಕಡೆ ಒಂದು ಗೇಣು ಎತ್ತರದ ಅಂಚು. ಗಾಡಿಯ ಮುಂದಿನ ಚಿಕ್ಕ ಗಾಲಿ ಎರಡೂ ಟಕ್ ಅಂತ ಬಡ್ಕೊಂಡು ನಿಂತ್ವು, ಅವ್ವನ ಮಡಿಲಲ್ಲಿದ್ದ ಹಣ್ಣುಕಾಯಿ ಬುಟ್ಟಿ ಜಾರಿ, ತೆಂಗಿನಕಾಯಿ ಉರುಳ್ಕೊಂಡು ಉರುಳ್ಕೊಂಡು ಅಷ್ಟೂ ಏರು ಇಳಿದು ಕೆಳಗೆ ಚಪ್ಪಲಿ ಬಿಡೋ ಜಾಗದ ಹತ್ರ ಹೋಗಿ ನಿಂತ್ಕೊಳ್ತು. ಅವ್ವ ಹಿಂದಕ್ಕೆ ತಿರುಗಿ ನೋಡಿ ‘ಕಾಯ್ಗೆ ಸುಗಮ್ವಾಗದೆ ಬುಡು’ ಅಂದ್ಲು. ಅವತ್ತಿಂದ ನಮ್ಮನೇಲಿ ಸುಗಮ ಅಂದ್ರೆ ನಗು ಬರತ್ತೆ, ಹಾಳೇಲಿ ಹೇಗೆ ಬರೀಲಿ?

ಅವ್ವ ಹೊರಡೋಕೆ ಮುಂಚೆ ಕೇಳೋದು ಒಂದೇ, ‘ಅಲ್ಗಂಟ ಗಾಡಿ ಓಯ್ತದಾ?’ ಇದನ್ನ ಗಮನಿಸ್ತಾ ಗಮನಿಸ್ತಾ ನಂಗೊಂದು ಹೊಳೀತು. ಬೇರೆ ವಿಷಯಕ್ಕೆಲ್ಲ ಅವಳು ‘ನನ್ ಕೈಲಾಗಕಿಲ್ಲ’ ಅಂತಾಳೆ, ನೀರು ಸೇದೋದು, ರಾಗಿ ಮುದ್ದೆ ತಿರುವೋದು, ಮೆಟ್ಟಿಲು ಹತ್ತೋದು, ಎಲ್ಲಾ ಕೈಲಾಗಲ್ಲ, ಅಂದ್ರೆ ಊನ ತನ್ನದು. ಗಾಡಿ ಮಾತು ಬಂದಾಗ ಮಾತ್ರ ‘ಗಾಡಿ ಓಗಕಿಲ್ಲ’. ಊನ ಅಲ್ಲಿ ದಾರೀದು. ಕನ್ನಡದ ವಾಕ್ಯದಲ್ಲೇ ಆ ಅನುಕೂಲ ಇದೆ, ನಾವು ಯಾಕೆ ಸಂಸ್ಕೃತದ ಭಾವನಾಮ ಹುಡುಕ್ತಾ ಕೂತಿದೀವಿ ಅಂತ.

ಇನ್ನೊಂದು, ನಮ್ಮೂರಲ್ಲಿ ಈ ವ್ಯತ್ಯಾಸ ಮೊದಲಿಂದ್ಲೂ ಇದೆ. ಜಮೀನು ಮಾರುವಾಗ ಕೊಳ್ಳೋನು ಮೊದಲು ಕೇಳೋದು ಕಾಲ್ದಾರಿನಾ ಗಾಡಿದಾರಿನಾ ಅಂತ. ಕಬ್ಬು ಹೊರಗೆ ಸಾಗಿಸ್ಬೇಕಲ್ಲ, ಗಾಡಿದಾರಿ ಇಲ್ಲದ ಗದ್ದೆಗೆ ಬೆಲೆ ಕಮ್ಮಿ. ಕಾಲುದಾರಿ ಅಂದ್ರೆ ಕಾಲಿದ್ದೋರಿಗೆ, ಗಾಡಿದಾರಿ ಅಂದ್ರೆ ಗಾಲಿ ಉರುಳೋ ಕಡೆಗೆ. ಹಾಗಾಗಿ ಅಕ್ಸೆಸಿಬಲ್ ಟ್ರೇಲ್‌ಗೆ ‘ಗಾಲಿದಾರಿ’ ಅಂದ್ರೆ ಹೇಗೆ? ಗಾಡಿದಾರಿ ಅಂದ್ರೆ ಕಾರು ಹೋಗೋ ರೋಡು ಅಂತ ತಪ್ಪು ತಿಳೀಬಹುದು, ಅದಕ್ಕೆ ಗಾಲಿ. ಗಾಲಿಕುರ್ಚಿ ಅನ್ನೋದು ಬರವಣಿಗೇಲಿ ಆಗ್ಲೇ ಇದೆ, ಅದರ ಪಕ್ಕ ಇದೂ ಕೂತ್ಕೊಳತ್ತೆ. ಕಣ್ಣು ಕಾಣದವರಿಗೆ ಹಗ್ಗ, ಬ್ರೈಲ್ ಬೋರ್ಡು ಇರೋ ದಾರಿಗೆ ಈ ಪದ ಸಾಲಲ್ಲ, ಅದು ಗೊತ್ತು. ಅಲ್ಲೂ ‘ಹಗ್ಗದ ದಾರಿ’ ಅಂತ ಇರೋದನ್ನೇ ಹೇಳಿದ್ರೆ ಆಯ್ತಲ್ವಾ.

ರ‍್ಯಾಂಪಿಗೆ ಎಲ್ಲರೂ ‘ಇಳಿಜಾರು’ ಅಂತಾರೆ, ಇಳಿ ಅಂತೀರಿ ಜಾರು ಅಂತೀರಿ, ಮೇಲಕ್ಕೆ ತಳ್ಳೋನ ಎದೆ ಝಲ್ ಅನ್ನಲ್ವಾ? ನಾನು ಏರು ಅಂತಾನೇ ಬರೆದಿದೀನಿ. ಗ್ರೇಡ್, ಅಂದ್ರೆ ಏರು ಎಷ್ಟು ಕಡಿದು ಅನ್ನೋದಕ್ಕೆ ಸಿಕ್ಕಿದ ಪದ ಮಾತ್ರ ಚಿನ್ನ. ಮನೆ ಟೆರೇಸ್ ರಿಪೇರಿಗೆ ಬಂದಿದ್ದ ಗಾರೆ ಮೇಸ್ತ್ರಿ ‘ಈ ಕಡೆ ವಾಟ ಸಾಲ್ದು ಸಾರ್, ನೀರು ನಿಲ್ತದೆ’ ಅಂದ. ವಾಟ! ಅಲ್ಲಿನ ಫೆಡರಲ್ ನಿಯಮದಲ್ಲಿ ಅಕ್ಸೆಸಿಬಲ್ ಟ್ರೇಲಿನ ಏರು ಶೇಕಡಾ 5ರ ಒಳಗಿದ್ರೆ ಎಷ್ಟುದ್ದ ಬೇಕಾದ್ರೂ ಇರಬಹುದು, 8.33 ತನಕ ಆದ್ರೆ 200 ಅಡಿ, 10 ತನಕ ಆದ್ರೆ 30 ಅಡಿ, 12 ಆದ್ರೆ ಬರೀ 10 ಅಡಿ, ಅಷ್ಟಾದ ಮೇಲೆ ಸುಧಾರಿಸ್ಕೊಳಕ್ಕೆ ಮಟ್ಟಸ ಜಾಗ ಇರ್ಬೇಕು. ಅಗಲ ಕನಿಷ್ಠ 36 ಇಂಚು. ಅವ್ವಂಗೆ ಶೇಕಡಾ ಹೇಳಿದ್ರೆ ಬಡ್ಡಿ ಅಂದ್ಕೋತಾಳೆ, ಅದಕ್ಕೆ ‘ಇಪ್ಪತ್ತಡಿಗೆ ಒಂದಡಿ ವಾಟ’ ಅಂತ ಬರೆದೆ, ಇಲ್ಲಿನ ಕಟ್ಟಡದ ರ‍್ಯಾಂಪು ಹನ್ನೆರಡಕ್ಕೆ ಒಂದು. ಕ್ರಾಸ್ ಸ್ಲೋಪಿಗೆ, ಅಂದ್ರೆ ದಾರಿ ಒಂದು ಪಕ್ಕಕ್ಕೆ ವಾಲಿರೋದಕ್ಕೆ, ‘ಪಕ್ಕವಾಟ’. ಗಾಡಿ ತಳ್ಳಿದವರಿಗೆ ಗೊತ್ತು, ಏರಿಗಿಂತ ಪಕ್ಕವಾಟವೇ ಕಿರಿಕಿರಿ, ಒಂದೇ ಕಡೆ ಎಳೀತಾ ಇರತ್ತೆ, ಒಂದು ಕೈ ನೋಯತ್ತೆ.

ಉಳಿದಿದ್ದು ಬೇಗ ಹೇಳ್ತೀನಿ. ಲೂಪಿಗೆ ‘ಸುತ್ತು’ ಸಾಕು (ಪ್ರದಕ್ಷಿಣೆ ಅಂದ್ರೆ ಅವ್ವ ಚಪ್ಪಲಿ ಬಿಡ್ತಾಳೆ). ಔಟ್ ಅಂಡ್ ಬ್ಯಾಕಿಗೆ ‘ಹೋದ ದಾರೀಲೇ ವಾಪಸ್ಸು’. ಸ್ವಿಚ್‌ಬ್ಯಾಕಿಗೆ ಹೇರ್‌ಪಿನ್ನೇ ಇರ್ಲಿ, ನಮ್ಮ ಡ್ರೈವರುಗಳ ಪದ. ಟ್ರೇಲ್‌ಹೆಡ್, ಅಂದ್ರೆ ದಾರಿ ಶುರುವಾಗೋ ಜಾಗ, ಅದಕ್ಕೆ ಮಾತ್ರ ಪದ ಕೂರ್ತಾ ಇಲ್ಲ. ಚಾಮುಂಡಿ ಬೆಟ್ಟಕ್ಕೆ ‘ಪಾದದ ಹತ್ರ ಬನ್ನಿ’ ಅಂತೀವಿ, ಆ ಪಾದ ತುಂಬಾ ಇಷ್ಟ ನಂಗೆ, ಆದ್ರೆ ಸ್ಪ್ರೇಗ್ ಲೇಕಿನ ದಾರಿ ಶುರುವಾಗೋದೇ 8,700 ಅಡಿ ಹತ್ರ, ನಮ್ಮ ಮುಳ್ಳಯ್ಯನಗಿರಿಯ ತುದೀನೇ 6,300 ಅಡಿ ಚಿಲ್ಲರೆ, ಅದನ್ನ ಪಾದ ಅನ್ನೋದು ಹೇಗೆ ಸ್ವಾಮಿ? ಅಂದಹಾಗೆ ಎತ್ತರದ ಈ ವಿಷಯ ಯಾವ ಪದದೊಳಗೂ ಬರಲ್ಲ, ದಾರಿ ಮಟ್ಟಸ ಇದ್ರೂ ಗಾಳಿ ತೆಳು, ಮೈಸೂರಿನ 2,500 ಅಡಿಯಿಂದ ಹೋದೋರಿಗೆ ಕೂತಲ್ಲೇ ದಮ್ಮು ಬರಬಹುದು. ಅದಕ್ಕೆ ಹಾಳೇಲಿ ಬೇರೇನೇ ಒಂದು ಸಾಲು ಹಾಕಿದೀನಿ.

ನನ್ನ ಪ್ರಶ್ನೆ ಇಷ್ಟು. ‘ಗಾಲಿದಾರಿ’ ನಿಮ್ಮ ಕಿವಿಗೆ ಸಹಜವಾಗಿದೆಯಾ, ಇಲ್ಲಾ ಕೈಯಾರೆ ಹೊಸೆದ ಪದದ ಥರ ಕೇಳತ್ತಾ? ಮಲೆನಾಡು, ಕೊಡಗು, ಉತ್ತರ ಕರ್ನಾಟಕದ ಕಡೆ ಗಾಡಿ ಹೋಗೋ ದಾರಿಗೂ ನಡೆಯೋ ದಾರಿಗೂ ಬೇರೆ ಬೇರೆ ಮಾತಿದ್ರೆ ತಿಳಿಸಿ. ‘ವಾಟ’ ಮಂಡ್ಯ ಮೈಸೂರು ದಾಟಿ ಎಲ್ಲಿ ತನಕ ನಡೆಯತ್ತೆ? ಟ್ರೇಲ್‌ಹೆಡ್ಡಿಗೆ ‘ದಾರಿಬಾಯಿ’ ಅಂತ ನನ್ನ ಹೆಂಡತಿ ಹೇಳಿದ್ಲು, ಓಣಿಬಾಯಿ ಥರ, ನಂಗೆ ಅರ್ಧ ಮನಸ್ಸು.

ಶನಿವಾರದ ಒಳಗೆ ಉತ್ತರ ಬಂದ್ರೆ ಅನುಕೂಲ, ಅವತ್ತು ಪ್ರಿಂಟಿಗೆ ಕೊಡ್ತೀನಿ, 20 ಪಾಯಿಂಟ್ ಅಕ್ಷರದಲ್ಲಿ. ನಿನ್ನೆ ಕರಡು ತೋರಿಸ್ದೆ, ಅವ್ವ ಕನ್ನಡಕ ಹಾಕ್ಕೊಂಡು ಸ್ಪ್ರೇಗ್ ಲೇಕಿನ ಮೇಲೆ ಬೆರಳಿಟ್ಟು ‘ಇಲ್ಲಿ ಕುಂತ್ಕಳಕ್ಕೆ ಬೆಂಚದಾ ಕೇಳು, ಗಾಡೀಲೇ ಎಷ್ಟೊತ್ ಕುಂತಿರದು’ ಅಂದ್ಲು. ತಮ್ಮನಿಗೆ ಮೆಸೇಜ್ ಹಾಕಿದೀನಿ.