ಸಿಗ್ನಲ್ ಹ್ಯಾಂಡ್ಲರ್‌ನಲ್ಲಿ ಪಿಕೀ (ಮೆಮೊರಿ ಪ್ರೊಟೆಕ್ಷನ್ ಕೀ) ತೆರೆದರೂ ಮತ್ತೆ ಅದೇ ಫಾಲ್ಟ್, ಯಾಕೆ?

ಪ್ರಶ್ನೆ:
ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ, ಯಾರಾದರೂ ದಾರಿ ತೋರಿಸಿ. ಲಿನಕ್ಸ್, ಇಂಟೆಲ್ ಸರ್ವರ್, ಸಿ ಕೋಡ್. ಪಾಸ್‌ವರ್ಡ್‌ಗಳಿರುವ ಒಂದು ಮೆಮೊರಿ ಪೇಜನ್ನು ಮೊದಲು ಎಂಪ್ರೊಟೆಕ್ಟ್‌ನಲ್ಲಿ (ಪೇಜಿನ ಅನುಮತಿ ಬದಲಾಯಿಸುವ ಸಿಸ್ಟಂ ಕಾಲ್) ಮುಚ್ಚಿಡುತ್ತಿದ್ದೆ. ಯಾವುದಾದರೂ ಕೋಡ್ ಮುಟ್ಟಿದರೆ ಸಿಗ್‌ಸೆಗ್‌ವಿ (ಅನುಮತಿಯಿಲ್ಲದ ಮೆಮೊರಿ ಮುಟ್ಟಿದಾಗಿನ ಸಿಗ್ನಲ್) ಬರುತ್ತಿತ್ತು, ಅದಕ್ಕೆ ಓಡುವ ಹ್ಯಾಂಡ್ಲರ್‌ನಲ್ಲಿ ಲಾಗ್ ಬರೆದು ಪೇಜ್ ತೆರೆದು ವಾಪಸ್ ಬಂದರೆ ಪ್ರೋಗ್ರಾಂ ಮುಂದಕ್ಕೆ ಹೋಗುತ್ತಿತ್ತು. ಈಗ ಅದೇ ಪೇಜಿಗೆ ಮೆಮೊರಿ ಪ್ರೊಟೆಕ್ಷನ್ ಕೀ ಹಾಕಿದ್ದೇನೆ. ಹ್ಯಾಂಡ್ಲರ್‌ನಲ್ಲಿ ಪಿಕೀ ಸೆಟ್ ಕರೆದು ಸೊನ್ನೆ (ಯಾವ ತಡೆಯೂ ಇಲ್ಲ) ಕೊಡುತ್ತೇನೆ, ಎರರ್ ಇಲ್ಲ, ಅಲ್ಲೇ ಪಿಕೀ ಗೆಟ್ ಮಾಡಿದರೂ ಸೊನ್ನೆಯೇ ಬರುತ್ತದೆ. ವಾಪಸ್ ಹೋದ ತಕ್ಷಣ ಅದೇ ವಿಳಾಸದಲ್ಲಿ ಮತ್ತೆ ಫಾಲ್ಟ್. ಲಾಗ್ ಫೈಲ್ ತುಂಬಾ ಒಂದೇ ಸಾಲು.

ಇನ್ನೊಂದು ವಿಚಿತ್ರ. ಮೇನ್ ಕೋಡ್ ಕೀ ತೆರೆದುಕೊಂಡು ಆ ಪೇಜ್ ಓದುತ್ತಿರುವಾಗಲೇ ಸಿಗ್‌ಅಲಾರಂ (ಟೈಮರ್ ಸಿಗ್ನಲ್) ಬಂದು, ಅದರ ಹ್ಯಾಂಡ್ಲರ್ ಅದೇ ಪೇಜ್ ಮುಟ್ಟಿದರೆ ಕ್ರ್ಯಾಶ್. ಕೀ ತೆರೆದೇ ಇತ್ತಲ್ವಾ?

ಉತ್ತರ 1:
ಎಂಪ್ರೊಟೆಕ್ಟ್ ಬದಲಾಯಿಸುವುದು ಪೇಜ್ ಟೇಬಲ್ಲನ್ನು, ಅಂದರೆ ಪ್ರತಿ ಪೇಜಿನ ವಿವರ ಇರುವ ಪಟ್ಟಿಯನ್ನು. ಅದು ಇಡೀ ಪ್ರೊಸೆಸ್‌ದು, ಸಿಗ್ನಲ್ ಬಂದು ಹೋದರೂ ಹಾಗೇ ಇರುತ್ತದೆ. ಪಿಕೀಯಲ್ಲಿ ಪೇಜ್ ಟೇಬಲ್‌ಗೆ ಗೊತ್ತಿರುವುದು ಕೀ ನಂಬರ್ ಮಾತ್ರ. ಆ ಕೀಗೆ ಅನುಮತಿ ಇದೆಯೋ ಇಲ್ಲವೋ ಅನ್ನುವುದು ಪಿಕೆಆರ್‌ಯು ಅನ್ನುವ 32 ಬಿಟ್ ಸಿಪಿಯು ರಿಜಿಸ್ಟರ್‌ನಲ್ಲಿರುತ್ತದೆ, ಪ್ರತಿ ಥ್ರೆಡ್‌ಗೂ ಬೇರೆ ಬೇರೆ, 16 ಕೀ, ಒಂದೊಂದಕ್ಕೂ ಎರಡೆರಡು ಬಿಟ್. ಸಿಗ್ನಲ್ ಬಂದಾಗ ಕರ್ನಲ್ ಉಳಿದ ರಿಜಿಸ್ಟರ್‌ಗಳ ಜೊತೆ ಇದನ್ನೂ ಸ್ಟ್ಯಾಕ್ ಮೇಲಿನ ಸಿಗ್ನಲ್ ಫ್ರೇಮ್‌ನಲ್ಲಿ ಎತ್ತಿಡುತ್ತದೆ, ಹ್ಯಾಂಡ್ಲರ್ ಮುಗಿದ ಮೇಲೆ ಸಿಗ್‌ರಿಟರ್ನ್ (ವಾಪಸ್ ಹೋಗುವ ಸಿಸ್ಟಂ ಕಾಲ್) ಆ ಹಳೆಯದನ್ನೇ ವಾಪಸ್ ತುಂಬುತ್ತದೆ. ನೀವು ತೆರೆದ ಕೀ ಮತ್ತೆ ಮುಚ್ಚಿಕೊಳ್ಳುವುದು ಅಲ್ಲೇ.

ಅಲಾರಂಗೂ ಇದೇ ಮೂಲ. ಹ್ಯಾಂಡ್ಲರ್ ಶುರುವಾಗುವಾಗ ಮೇನ್ ಕೋಡ್‌ನ ಅನುಮತಿ ಅದಕ್ಕೆ ಬರುವುದಿಲ್ಲ, ಕರ್ನಲ್ ತನ್ನ ಡೀಫಾಲ್ಟ್ ಹಾಕುತ್ತದೆ. ಜಿಡಿಬಿ ಡೀಬಗರ್‌ನಲ್ಲಿ ಹ್ಯಾಂಡ್ಲರ್‌ನ ಮೊದಲ ಸಾಲಿಗೆ ಬ್ರೇಕ್ ಹಾಕಿ ಪಿಕೆಆರ್‌ಯು ನೋಡಿ, ಹೆಕ್ಸ್‌ನಲ್ಲಿ 55555554 ಇರಬೇಕು. ಬಲತುದಿಯ ಎರಡು ಬಿಟ್ 00, ಅಂದರೆ ಸೊನ್ನೆ ನಂಬರ್ ಕೀ ತೆರೆದಿದೆ. ಉಳಿದ 15ಕ್ಕೂ 01, ಓದುವುದೂ ಬಂದ್, ಬರೆಯುವುದೂ ಬಂದ್.

ಪ್ರಶ್ನೆ ಕೇಳಿದವರು:
ನೋಡಿದೆ, 55555554 ಅಂತಲೇ ಇದೆ! ಅಲಾರಂ ಹ್ಯಾಂಡ್ಲರ್ ಶುರುವಿನಲ್ಲೇ ಪಿಕೀ ಸೆಟ್ ಹಾಕಿದೆ, ಕ್ರ್ಯಾಶ್ ನಿಂತಿತು. ತುಂಬಾ ಥ್ಯಾಂಕ್ಸ್. ಸಿಗ್‌ಸೆಗ್‌ವಿಗೆ ಏನು ಮಾಡಲಿ, ಮತ್ತೆ ಎಂಪ್ರೊಟೆಕ್ಟ್‌ಗೇ ಹೋಗಲಾ?

ಉತ್ತರ 2:
ಬೇಡ. ಎಂಪ್ರೊಟೆಕ್ಟ್‌ನಲ್ಲಿ ಒಂದು ಥ್ರೆಡ್‌ಗಾಗಿ ತೆರೆದರೆ ಎಲ್ಲಾ ಥ್ರೆಡ್‌ಗೂ ತೆರೆದಂತೆ. ಫ್ರೇಮ್‌ನಲ್ಲಿ ಎತ್ತಿಟ್ಟಿರುವ ಪಿಕೆಆರ್‌ಯುವನ್ನೇ ತಿದ್ದಬಹುದು. ಹ್ಯಾಂಡ್ಲರ್‌ನ ಮೂರನೇ ಆರ್ಗ್ಯುಮೆಂಟ್ ಹಿಡಿದು ಎಕ್ಸ್‌ಸೇವ್ ಜಾಗಕ್ಕೆ (ಫ್ರೇಮ್‌ನಲ್ಲಿ ಪಿಕೆಆರ್‌ಯು ಇಟ್ಟಿರುವ ಭಾಗ) ಹೋಗಿ. ಅದರೊಳಗೆ ಪಿಕೆಆರ್‌ಯು ಎಷ್ಟು ಬೈಟ್ ಆಚೆ ಇದೆ ಅನ್ನುವುದನ್ನು ಸಿಪಿಯುಐಡಿ (ಸಿಪಿಯು ತನ್ನ ವಿವರ ಹೇಳುವ ಇನ್‌ಸ್ಟ್ರಕ್ಷನ್) ಲೀಫ್ 13, ಸಬ್‌ಲೀಫ್ 9 ಹೇಳುತ್ತದೆ. ಲಿನಕ್ಸ್ ಕರ್ನಲ್‌ನ ಸೆಲ್ಫ್‌ಟೆಸ್ಟ್‌ನಲ್ಲಿ ಹೀಗೇ ಮಾಡಿದ್ದಾರೆ, ಕೋಡ್ ಓದಿ.

ಆದರೆ ನಾನಾದರೆ ಇದನ್ನು ಮಾಡುವುದಿಲ್ಲ. ಮುಟ್ಟಿದವರಿಗೆಲ್ಲ ಬಾಗಿಲು ತೆರೆದರೆ ಬೀಗ ಹಾಕಿದ್ದು ಯಾಕೆ? ಹ್ಯಾಂಡ್ಲರ್‌ಗೆ ಬರುವ ಸಿಗ್‌ಇನ್ಫೋದಲ್ಲಿ (ಸಿಗ್ನಲ್ ವಿವರ) ಕೋಡ್ 4 ಇದ್ದರೆ ಅದು ಪಿಕೀ ಫಾಲ್ಟ್, ಯಾವ ಕೀ ಅನ್ನುವುದೂ ಅಲ್ಲೇ ಸಿಗುತ್ತದೆ. ಅದನ್ನು ಬರೆದು ಪ್ರೋಗ್ರಾಂ ನಿಲ್ಲಿಸಿ, ಆಮೇಲೆ ಮುಟ್ಟಿದ ಕೋಡ್ ಹುಡುಕಿ ಸರಿಮಾಡಿ.

ಉತ್ತರ 3:
ಸಿಗ್ನಲ್‌ಗೆ ಬೇರೆ ಸ್ಟ್ಯಾಕ್ ಕೊಟ್ಟಿದ್ದರೆ ಅದಕ್ಕೆ ಸುಮ್ನೆ ಪಿಕೀ ಹಾಕಬೇಡಿ. 6.12ಕ್ಕಿಂತ ಹಳೆಯ ಕರ್ನಲ್‌ನಲ್ಲಿ, ಸಿಗ್ನಲ್ ಬಂದಾಗ ಆ ಕೀ ಮುಚ್ಚಿದ್ದರೆ ಫ್ರೇಮ್ ಬರೆಯಲಿಕ್ಕೇ ಆಗದೆ ಪ್ರೊಸೆಸ್ ಸಾಯುತ್ತದೆ. ಹೊಸದರಲ್ಲಿ ಫ್ರೇಮ್ ಬರೆಯುತ್ತದೆ, ಆದರೆ ಹ್ಯಾಂಡ್ಲರ್ ಶುರುವಾಗುವುದು ಅದೇ ಡೀಫಾಲ್ಟ್‌ನಲ್ಲಿ, ಹಾಗಾಗಿ ಸ್ಟ್ಯಾಕ್ ಮುಟ್ಟುವ ಮೊದಲೇ ಅಸೆಂಬ್ಲಿಯಲ್ಲಿ ಕೀ ತೆರೆಯಬೇಕು.